ರವದಿಗೆ ಬೆಂಕಿ ಇಡುವವರು ಯಾರು?

ಕಬ್ಬು ಕಡಿದ ಹೊಲದಲ್ಲಿ ಉಳಿಯುವ ಒಣಗರಿಗೆ ಮುಧೋಳ, ಜಮಖಂಡಿ ಕಡೆ ರವದಿ ಎನ್ನುತ್ತಾರೆ, ಮಂಡ್ಯದಲ್ಲಿ ತರಗು. ಎಕರೆಗೆ 3–4 ಟನ್ ಬೀಳುತ್ತದೆ. ಸುಟ್ಟರೆ ಅದರ ಸಾರಜನಕವೆಲ್ಲ ಹೊಗೆ; ಹಾಸಿದರೆ ತೇವ ನಿಲ್ಲುತ್ತದೆ, ಕಳೆ ಅಡಗುತ್ತದೆ. ಇದನ್ನು ಕೃಷಿ ವಿಶ್ವವಿದ್ಯಾಲಯಗಳು ಹೇಳುತ್ತಲೇ ಬಂದಿವೆ, ರೈತರೂ ಬಲ್ಲರು. ಆದರೂ ಹಂಗಾಮಿನಲ್ಲಿ ಹೊಗೆ ಏಳುವುದು ತಪ್ಪಿಲ್ಲ. ಹಾಗಾಗಿ ಅರಿವಿನ ಕೊರತೆ ಎಂಬ ಹಳೆಯ ವಿವರಣೆಯನ್ನು ಬದಿಗಿಟ್ಟು ಹೊಲಕ್ಕೇ ಇಳಿಯುವುದು ಲೇಸು.

ಕಟಾವಾದ ಮರುದಿನ ರವದಿ ಮೊಣಕಾಲ ಮಟ್ಟ ಇರುತ್ತದೆ. ಕೂಳೆ ಚಿಗುರಲು ಬುಡವನ್ನು ನೆಲಮಟ್ಟಕ್ಕೆ ಕೊಚ್ಚಿ, ರವದಿಯನ್ನು ಸಾಲುಗಳ ನಡುವೆ ಎಳೆಯಬೇಕು. ಸಾಲಿನ ಅಂತರ 3 ಅಡಿಯಾದರೆ ಎಳೆಯಲು ಜಾಗವೆಲ್ಲಿ? ಅದು ಮೊಳಕೆಯ ಮೇಲೇ ಕೂರುತ್ತದೆ, ಹಾಯಿಸಿದ ನೀರನ್ನೂ ತಡೆಯುತ್ತದೆ. ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ಒಣಗರಿಯಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಕೊಳೆಸುವ ಸೂಕ್ಷ್ಮಾಣುಗಳು ಮಣ್ಣಿನ ಸಾರಜನಕಕ್ಕೇ ಕೈಹಾಕುವುದರಿಂದ ಕೂಳೆ ಮೊದಮೊದಲು ಹಳದಿಯಾಗುತ್ತದೆ. ರವದಿಯ ಮೇಲೆ ಒಂದಿಷ್ಟು ಯೂರಿಯಾ ಎರಚಿದ್ದರೆ ಸಾಕಿತ್ತು. ಆದರೆ ಆ ಹಳದಿ ಕಂಡವನು ಮುಂದಿನ ಸಲ ಕಡ್ಡಿ ಗೀರಿದರೆ ಅವನನ್ನು ದಡ್ಡ ಎನ್ನಲಾಗದು.

ರವದಿ ಎಳೆಯಲು ಜಾಗ ಸಿಗುವುದು ಸಾಲಿನ ಅಂತರದಿಂದ; ಆದ್ದರಿಂದ ಅದರ ಪ್ರಶ್ನೆ ನಾಟಿಯಲ್ಲೇ ಶುರುವಾಗುತ್ತದೆ. 2009ರಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮತ್ತು ಪರಿಸರ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ ಮುಂದಿಟ್ಟ ಸುಸ್ಥಿರ ಕಬ್ಬು ಬೇಸಾಯ ಪದ್ಧತಿಯ ತಿರುಳೇ ಒಂಟಿಗಣ್ಣಿನ ಸಸಿ ಮತ್ತು ಅಗಲ ಸಾಲು. 5 ಅಡಿ ಸಾಲಿನಲ್ಲಿ 2 ಅಡಿಗೊಂದು ಸಸಿಯೆಂದರೆ ಎಕರೆಗೆ 4,356. ಸುಮಾರು 3 ಟನ್ ಬಿತ್ತನೆ ಕಬ್ಬನ್ನು ಮಣ್ಣಿಗೆ ಹಾಕುವುದು ತಪ್ಪುತ್ತದೆ. ಸಸಿಯನ್ನು ತಾನೇ ಬೆಳೆಸಿಕೊಂಡವನಿಗೆ ಈ ಉಳಿತಾಯ ಮೊದಲ ವರ್ಷವೇ ಕೈಸೇರುತ್ತದೆ. ಮಣ್ಣಿನ ಲಾಭಕ್ಕೆ ಕೆಲವು ಕೂಳೆ ಕಾಯಬೇಕು.

ಬೆಲೆಯ ಲೆಕ್ಕ ಮಾತ್ರ ಈ ಶ್ರಮವನ್ನು ಗುರುತಿಸುವುದಿಲ್ಲ. 2024–25ರಲ್ಲಿ ಕಬ್ಬಿಗೆ ಕೇಂದ್ರ ನಿಗದಿ ಮಾಡಿದ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ 10.25% ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 340 ರೂ. ಆ ಇಳುವರಿ ಕಾರ್ಖಾನೆಯ ಸರಾಸರಿ, ಒಬ್ಬೊಬ್ಬನ ಹೊಲದ್ದಲ್ಲ. ನೀರಿನದೂ ಅದೇ ಕತೆ: 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತವಾದ್ದರಿಂದ ಉಳಿಸಿದ ನೀರು ರೂಪಾಯಿಯಾಗಿ ಕಾಣುವುದಿಲ್ಲ. ಹೆಚ್ಚಾದ ನೀರು ಕಾಣುವುದು ಹೊಲ ಸವಳು–ಜವಳಾದ ಮೇಲೆ.

ಕಾರ್ಖಾನೆಯ ಕೈಯಲ್ಲಿ ಬೆಲೆಗಿಂತ ಹರಿತವಾದದ್ದೊಂದಿದೆ: ಕಟಾವಿನ ಸರದಿ. ಫೆಬ್ರುವರಿ ಕೊನೆಗೆ ಸರದಿ ಬಂದವನು ಕಾಲುವೆ ನಿಲ್ಲುವುದರೊಳಗೆ ಕೂಳೆಗೆ ಒಂದಾದರೂ ನೀರು ಕಾಣಿಸಬೇಕು; ರವದಿ ಎಳೆಯಲು ಆಳು ಹುಡುಕುತ್ತ ಕೂರಲಾರ. ಅಗಲ ಸಾಲಿನಲ್ಲಿ ನೆಟ್ಟು ರವದಿ ಹಾಸಲು ಒಪ್ಪಿದ ಹೊಲಕ್ಕೆ ಹದಿನೈದು ದಿನ ಮೊದಲೇ ಕಟಾವಿನ ಗ್ಯಾಂಗ್ ಬಂದರೆ, ಆ ಹದಿನೈದು ದಿನ ರವದಿ ಎಳೆಯುವುದಕ್ಕೇ ಸಿಕ್ಕಂತಾಯಿತು.