ಮನೆಯಲ್ಲೇ ಕಟ್ಟಿದ ಡ್ರೋನ್‌ಗೆ ನಿಯಮಗಳಿಲ್ಲವೇ?

ಬಿಡಿಭಾಗ ತಂದು ತಾವೇ ಜೋಡಿಸಿದ ಡ್ರೋನ್ ಆಟಿಕೆ ಇದ್ದಂತೆ, ಅದಕ್ಕೆ ನಿಯಮವಿಲ್ಲ ಎಂದು ಹಲವರು ನಂಬಿದ್ದಾರೆ. ಇದು ತಪ್ಪು.

ಹೇಗೆ ಹಾರುತ್ತದೆ?
ನಾಲ್ಕು ಮೋಟರ್‌ಗಳಲ್ಲಿ ಎರಡು ಪ್ರದಕ್ಷಿಣೆಯಾಗಿ, ಎರಡು ಅಪ್ರದಕ್ಷಿಣೆಯಾಗಿ ತಿರುಗುತ್ತವೆ. ಇಲ್ಲದಿದ್ದರೆ ಡ್ರೋನ್ ತಾನೇ ಗಿರಗಿರನೆ ಸುತ್ತತೊಡಗುತ್ತದೆ. ಫ್ಲೈಟ್ ಕಂಟ್ರೋಲರ್‌ನ ಗೈರೋಸ್ಕೋಪ್ ವಾಲಿಕೆಯನ್ನು ಗುರುತಿಸುತ್ತದೆ. ಅದಕ್ಕೆ ತಕ್ಕಂತೆ ಪ್ರತಿ ಮೋಟರಿನ ವೇಗ ಬದಲಾಗುತ್ತದೆ. ಮೋಟರ್‌ಗಳ ಒಟ್ಟು ಎತ್ತುವ ಬಲ ಕ್ಯಾಮೆರಾ ಸೇರಿದ ತೂಕದ ಸುಮಾರು 2 ಪಟ್ಟು ಇರಬೇಕು. ಚಿತ್ರ ಅಲುಗಾಡಿದರೆ ಮೊದಲು ರೆಕ್ಕೆಗಳ ಸಮತೋಲನ ನೋಡಿ.

ಅಪಾಯವೆಲ್ಲಿ?
ಲಿಥಿಯಂ ಪಾಲಿಮರ್ ಬ್ಯಾಟರಿಯ ಪ್ರತಿ ಸೆಲ್‌ಗೆ 4.2 ವೋಲ್ಟ್ ಮಿತಿ. ಅದಕ್ಕಿಂತ ಹೆಚ್ಚು ಚಾರ್ಜ್ ಮಾಡಿದರೆ ಬೆಂಕಿ ಹತ್ತಬಹುದು. ಉಬ್ಬಿದ ಬ್ಯಾಟರಿ ಬಳಸಬೇಡಿ. ಮನೆಯೊಳಗೆ ಮೋಟರ್ ಪರೀಕ್ಷಿಸುವಾಗ ರೆಕ್ಕೆ ಬಿಚ್ಚಿಡಿ.

ನಿಯಮವೇನು?
2021ರ ಡ್ರೋನ್ ನಿಯಮಗಳು ಮನೆಯಲ್ಲಿ ಕಟ್ಟಿದ್ದಕ್ಕೂ ಅನ್ವಯಿಸುತ್ತವೆ. ನೋಂದಣಿ ಮಾಡಿಸಿ ಗುರುತಿನ ಸಂಖ್ಯೆ ಪಡೆಯಬೇಕು. 2 ಕೆ.ಜಿ.ವರೆಗಿನ ಡ್ರೋನನ್ನು ಹವ್ಯಾಸಕ್ಕೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ದಾವಣಗೆರೆಯ ಮದುವೆಯೊಂದನ್ನು ದುಡ್ಡಿಗೆ ಚಿತ್ರೀಕರಿಸುವುದಾದರೆ, 250 ಗ್ರಾಂ ಮೀರಿದ ಡ್ರೋನಿಗೆ ಅದು ಬೇಕು. ಹಸಿರು ವಲಯದಲ್ಲೂ ಎತ್ತರದ ಮಿತಿ 400 ಅಡಿ. ಹರಿಹರದ ಹರಿಹರೇಶ್ವರ ದೇವಾಲಯ ಸಂರಕ್ಷಿತ ಸ್ಮಾರಕ. ಅಲ್ಲಿ ಹಾರಿಸುವ ಮುನ್ನ ಪುರಾತತ್ವ ಇಲಾಖೆಯ ಅನುಮತಿ ಪಡೆಯಿರಿ.

ಡ್ರೋನ್ ಅಂಗಡಿಯದಾದರೂ ಮನೆಯದಾದರೂ, ತಲೆಯ ಮೇಲೆ ಬಿದ್ದರೆ ಪೆಟ್ಟು ಒಂದೇ.