ಗೋದಾಮಿನ ಹಿಂದಿನ ಕಲ್ಲುಕಟ್ಟೆ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಿ ಎಂದು ಆಡಳಿತ ಮಂಡಳಿಯವರು ಕೇಳಿದರು. ಷೇರು, ಸಾಲ, ಲಾಭಾಂಶಗಳ ವಿಚಾರವೆಲ್ಲ ವರದಿಯಲ್ಲಿ ಬಂದೇ ಇದೆ. ವರದಿಯಲ್ಲಿ ಬಾರದ ಒಂದು ಸಂಗತಿ ಉಂಟು. ಅದು ಗೋದಾಮಿನ ಹಿಂದಿರುವ ಕಲ್ಲುಕಟ್ಟೆಯ ಇತಿಹಾಸ.

ಭಾರವಾದ ಯಂತ್ರ ಇಳಿಸುವ ಚಿಂತೆ ಇಂದಿನದಲ್ಲ. ನಮ್ಮ ಸೀಮೆಯವರೆಲ್ಲ ಬಲ್ಲ ಶಿವನಸಮುದ್ರವನ್ನೇ ನೋಡಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಆ ವಿದ್ಯುತ್ ಯೋಜನೆ 1902ರಲ್ಲಿ ಚಾಲೂ ಆಗಿ, 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕರೆಂಟು ಕೊಟ್ಟಿತು. ಹೊರದೇಶದಿಂದ ಹಡಗಿನಲ್ಲಿ ಬಂದ ಯಂತ್ರಗಳನ್ನು ಅಲ್ಲಿಗೆ ಮುಟ್ಟಿಸಲು ಆನೆಗಳನ್ನೂ ಗಾಡಿಗಳನ್ನೂ ಹೂಡಿದ್ದರು. ವಿದ್ಯುದಾಗಾರ ಇರುವುದೋ ಕೆಳಗಿನ ಕಣಿವೆಯಲ್ಲಿ. ಎಳೆದು ತಂದರೆ ಅರ್ಧ ಕೆಲಸ. ಜೋಪಾನವಾಗಿ ಇಳಿಸಿದರೆ ಇನ್ನರ್ಧ.

ಈ ಪಾಠ ನಾವು ಕಲಿತದ್ದು ಕಷ್ಟಪಟ್ಟು. ಸಂಘದ ನಾಲ್ಕನೆಯ ವರ್ಷ ಬಾಡಿಗೆಗೆ ಕೊಡಲೆಂದು ಮೊದಲ ಟ್ರ್ಯಾಕ್ಟರ್ ಕೊಂಡೆವು. ಲಾರಿ ಬಂದಾಗ ಮುಸ್ಸಂಜೆ. ಪೂಜೆಗೆ ಹೊತ್ತಾಯಿತೆಂದು ಎಂಟಡಿಯ ಎರಡು ಹಲಗೆ ಒರಗಿಸಿ, ಕಟ್ಟದೆಯೇ "ಬಿಡು ಬಿಡು" ಎಂದು ಎಲ್ಲರೂ ಕೂಗಿದೆವು. ಒಂದು ಹಲಗೆ ಜಾರಿತು. ಟ್ರ್ಯಾಕ್ಟರ್ ಪಕ್ಕಕ್ಕೆ ವಾಲಿ, ಹಲಗೆ ಹಿಡಿದು ನಿಂತಿದ್ದ ನಮ್ಮೂರ ಹುಡುಗನ ಕಾಲು ಮುರಿಯಿತು. ಆಸ್ಪತ್ರೆ ಖರ್ಚನ್ನು ಸಂಘ ಕೊಟ್ಟಿತು, ಅವನ ಗದ್ದೆಗೆ ಊರವರೇ ನಾಟಿ ಹಾಕಿದರು. ಆದರೂ ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ನಮ್ಮ ಪಾಲಿಗೆ ನಿಜವಾಯಿತು.

ಲಾರಿಯ ಹಲಗೆಮಟ್ಟ ಸುಮಾರು ನಾಲ್ಕಡಿ ಎತ್ತರ. ಎಂಟಡಿ ಹಲಗೆಯಲ್ಲಿ ಎರಡು ಸಾವಿರ ಕಿಲೋ ಯಂತ್ರ ಇಳಿದರೆ ಅದು ಕೆಳಕ್ಕೆ ಜಗ್ಗುವ ಬಲ ಸುಮಾರು ಸಾವಿರ ಕಿಲೋ. ಇಳಿಜಾರು ಇಪ್ಪತ್ತಡಿ ಇದ್ದರೆ ನಾನೂರು ಕಿಲೋ ಮಾತ್ರ. ಈ ಲೆಕ್ಕವನ್ನು ಮಹಾಸಭೆಯಲ್ಲಿ ಇಟ್ಟು, ಲಾರಿಯ ಮಟ್ಟಕ್ಕೆ ಸರಿಯಾಗಿ ಇಪ್ಪತ್ತಡಿ ಇಳಿಜಾರಿನ ಕಲ್ಲುಕಟ್ಟೆ ಕಟ್ಟಬೇಕೆಂದೆವು. "ವರ್ಷಕ್ಕೆ ಒಂದ್ಸಲ ಇಳಿಸೋ ಮಿಷನ್‌ಗೆ ಇಷ್ಟು ದುಡ್ಡು ಯಾಕ್ರಪ್ಪಾ?" ಎಂದವರೂ ಇದ್ದರು. ಆಗ ಕೋಲೂರಿಕೊಂಡು ಬಂದಿದ್ದ ಆ ಹುಡುಗನೇ ಮೊದಲು ಕೈ ಎತ್ತಿದ. ಮುಂದೆ ಚರ್ಚೆ ನಡೆಯಲಿಲ್ಲ. ಕಲ್ಲು ಸಂಘದ್ದು, ದುಡಿಮೆ ಸದಸ್ಯರದು.

ಅಂದಿನಿಂದ ಪದ್ಧತಿ ಒಂದೇ. ಲಾರಿ ಸಮತಟ್ಟು ನೆಲದಲ್ಲಿ ನಿಂತು, ಗಾಲಿಗೆ ಕಲ್ಲು ಕೊಟ್ಟಿರಬೇಕು. ಭಾರ ಹಿಂದಕ್ಕೆ ಬಂದಾಗ ಲಾರಿ ಕುಗ್ಗದಂತೆ ಹಿಂಭಾಗಕ್ಕೆ ದಿಮ್ಮಿ ಆನಿಸಬೇಕು. ಟ್ರ್ಯಾಕ್ಟರಿನ ಎರಡು ಬ್ರೇಕ್ ಪೆಡಲ್‌ಗಳನ್ನು ಕೊಂಡಿ ಹಾಕಿ ಒಂದು ಮಾಡಬೇಕು. ಇಲ್ಲವಾದರೆ ಒಂದು ಗಾಲಿ ಮಾತ್ರ ನಿಂತು ಟ್ರ್ಯಾಕ್ಟರ್ ತಿರುಗಿಬಿಡುತ್ತದೆ. ಎಲ್ಲಕ್ಕಿಂತ ಕಡಿಮೆ ಗೇರಿನಲ್ಲಿ ಇಳಿಯಬೇಕು, ನಡುವೆ ಕ್ಲಚ್ ತುಳಿಯಕೂಡದು. ಒಕ್ಕಣೆ ಯಂತ್ರದಂಥವಕ್ಕೆ ಹಿಂದಿನಿಂದ ಹಗ್ಗ ಕಟ್ಟಿ, ಗಟ್ಟಿ ಕಂಬಕ್ಕೆ ಸುತ್ತು ಹಾಕಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಮುಂದೆ, ಪಕ್ಕದಲ್ಲಿ ಯಾರೂ ನಿಲ್ಲಬಾರದು. ಕೂಗುವವನು ಒಬ್ಬನೇ.

2014ರ ನಂತರ ಕೃಷಿ ಯಂತ್ರಧಾರೆ ಕೇಂದ್ರಗಳು ಬಂದು ಹಳ್ಳಿಗಳಲ್ಲಿ ಯಂತ್ರಗಳ ಓಡಾಟ ಹೆಚ್ಚಿದೆ. ನಾಟಿ ಯಂತ್ರ, ಕಟಾವು ಯಂತ್ರ ಎಲ್ಲವೂ ಲಾರಿಯಲ್ಲೇ ಬರುತ್ತವೆ. ಕಟ್ಟೆಯ ಮೇಲೆ ಇದುವರೆಗೆ ಒಬ್ಬರಿಗೂ ಪೆಟ್ಟಾಗಿಲ್ಲ. ಯಂತ್ರ ಇಳಿಯುವಾಗ "ಬಿಡು... ನಿಲ್ಲು" ಎಂದು ಈಗಲೂ ಕೂಗುವವರು ಅಂದಿನ ಆ ಹುಡುಗನೇ; ಈಗ ತಲೆ ನರೆತಿದೆ, ನಡಿಗೆ ಇನ್ನೂ ಕುಂಟು.

ಸಂಜೆ ಆ ಕಟ್ಟೆಯ ಮೇಲೆ ಕೂತು ಹರಟುವ ನಮ್ಮ ಯುವಕರು ಇದಿಷ್ಟನ್ನು ನೆನಪಿಟ್ಟುಕೊಂಡರೆ ನಮಗೆ ಸಂತೋಷ. ಸಂಘ ಇನ್ನೂ ಬೆಳೆಯಲಿ ಎಂದು ಹಾರೈಸುತ್ತೇವೆ.