ಆದಿಲಶಾಹಿಯ ಆಶ್ರಯದಲ್ಲಿ ಒಬ್ಬ ಕ್ರೈಸ್ತ ಬಿಷಪ್

ಗೋವೆಯ ಕ್ರೈಸ್ತಮತದ ಇತಿಹಾಸವನ್ನು ಪೋರ್ತುಗೀಜರ ರಾಜ್ಯಬಲದ ಇತಿಹಾಸವೆಂದೇ ಓದುವುದು ವಾಡಿಕೆಯಾಗಿದೆ. ಇದಕ್ಕೆ ಆಧಾರವಿಲ್ಲದಿಲ್ಲ. 1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ಆದಿಲಶಾಹಿಗಳಿಂದ ಕಸಿದುಕೊಂಡನು. ಬಿಷಪ್ಪರ ಹೆಸರನ್ನು ಸೂಚಿಸುವ ಹಕ್ಕೂ ಚರ್ಚುಗಳನ್ನು ಪೋಷಿಸುವ ಹೊಣೆಯೂ ಪೋಪರ ಶಾಸನಗಳ ಮೂಲಕ ಪೋರ್ತುಗಲ್ಲಿನ ದೊರೆಗೆ ಸಂದಿದ್ದವು. ‘ಪದ್ರುವಾದೊ’ ಎಂಬ ಈ ವ್ಯವಸ್ಥೆಯಲ್ಲಿ ಧರ್ಮಾಧಿಕಾರಿಯು ರಾಜಾಶ್ರಿತನೂ ಆಗಿದ್ದನು. ಆದರೆ ವಿಜಾಪುರದ ಕಡೆಯಿಂದ ನೋಡಿದರೆ ಶ್ರದ್ಧೆ ಮತ್ತು ಪ್ರಭುತ್ವಗಳ ಸಂಬಂಧವು ಇಷ್ಟು ಸರಳವಾಗಿ ತೋರುವುದಿಲ್ಲ. ಮತೇವುಸ್ ದೆ ಕಾಸ್ತ್ರೋನ ಜೀವನವೇ ಇದಕ್ಕೆ ನಿದರ್ಶನ.

ಗೋವೆಯ ದಿವಾಡಿ ದ್ವೀಪದಲ್ಲಿ, ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಆತನಿಗೆ ತಾಯ್ನಾಡಿನಲ್ಲಿ ಪಾದ್ರಿಯ ದೀಕ್ಷೆ ದೊರೆಯಲಿಲ್ಲ. ಆತನು ರೋಮಿಗೆ ಹೋದನು. ಮತಪ್ರಸಾರವನ್ನು ಪೋಪರ ನೇರ ಮೇಲ್ವಿಚಾರಣೆಗೆ ತರಲು 1622ರಲ್ಲಿ ಹದಿನೈದನೆಯ ಗ್ರೆಗರಿಯು ಅಲ್ಲಿ ಒಂದು ಮಂಡಲಿಯನ್ನು ಸ್ಥಾಪಿಸಿದ್ದನು. ಆ ಮಂಡಲಿಯ ಬೆಂಬಲದಿಂದ ಕಾಸ್ತ್ರೋ ದೀಕ್ಷೆ ಪಡೆದು, 1637ರಲ್ಲಿ ಬಿಷಪ್ಪನಾಗಿ ಆದಿಲಶಾಹಿ ರಾಜ್ಯಕ್ಕೆ ಪೋಪರ ಪ್ರತಿನಿಧಿಯಾಗಿ ನೇಮಕಗೊಂಡನು. ಲ್ಯಾಟಿನ್ ಸಂಪ್ರದಾಯದಲ್ಲಿ ಬಿಷಪ್ಪನಾದ ಮೊದಲ ಭಾರತೀಯನು ಈತನೇ.

ಗೋವೆಯ ಅಧಿಕಾರಿಗಳು ಈ ನೇಮಕವನ್ನು ಮನ್ನಿಸಲಿಲ್ಲ. ಕ್ರೈಸ್ತ ದೊರೆಯ ನಾಡಿನಲ್ಲಿ ಸಿಗದ ನೆಲೆ ಆತನಿಗೆ ಮಹಮ್ಮದ್ ಆದಿಲಶಾಹನ (1627–1656) ರಾಜ್ಯದ ಡಿಚೋಲಿಯಲ್ಲಿ ಸಿಕ್ಕಿತು. ವಿಜಯಪುರ, ತಿಕೋಟಾ, ಬಬಲೇಶ್ವರಗಳ ವಿದ್ಯಾರ್ಥಿಗಳು ಈ ಸುಲ್ತಾನನನ್ನು ಗೋಲಗುಂಬಜದಿಂದ ಬಲ್ಲರು. ಕ್ರೈಸ್ತ ಬಿಷಪ್ಪನ ಆಶ್ರಯದಾತನೆಂದು ಬಲ್ಲವರು ವಿರಳ. ಈ ಆಶ್ರಯವನ್ನು ಕೇವಲ ಔದಾರ್ಯವೆಂದು ನಾವು ಎಣಿಸಲಾರೆವು. ಪೋರ್ತುಗೀಜರೊಡನೆ ವೈಮನಸ್ಯವುಳ್ಳ ಧರ್ಮಗುರುವಿನಿಂದ ಸುಲ್ತಾನನಿಗೂ ಪ್ರಯೋಜನವಿದ್ದಿತು.

1653ರಲ್ಲಿ ಕಾಸ್ತ್ರೋ ‘ಬ್ರಾಹ್ಮಣರ ದರ್ಪಣ’ ಎಂಬರ್ಥದ ಶೀರ್ಷಿಕೆಯ ಲೇಖನವನ್ನು ಬರೆದು, ಗೋವೆಯ ಬ್ರಾಹ್ಮಣ ಕ್ರೈಸ್ತರನ್ನು ಪೋರ್ತುಗೀಜರ ವಿರುದ್ಧ ಪ್ರಚೋದಿಸಿದನು. ಮರುವರ್ಷ ವಿಜಾಪುರದ ಸೈನ್ಯವು ಗೋವೆಯ ಗಡಿಯೊಳಕ್ಕೆ ನುಗ್ಗಿತು. ಇದಕ್ಕೆ ಬಿಷಪ್ಪನೇ ಪ್ರೇರಕನೆಂದು ಪೋರ್ತುಗೀಜರು ದೂರಿದರು. ಆ ದಾಳಿ ಫಲಿಸಲಿಲ್ಲ. ಕಾಸ್ತ್ರೋನ ಕೊನೆಯ ವರ್ಷಗಳು ರೋಮಿನಲ್ಲಿ ಕಳೆದವು.

ಇದರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಕ್ರೈಸ್ತ ಶ್ರದ್ಧೆಯೂ ಪೋರ್ತುಗೀಜ್ ನಿಷ್ಠೆಯೂ ಒಂದೇ ಆಗಿರಲಿಲ್ಲ. ಎರಡು, ಒಂದು ಸಿಂಹಾಸನದ ಹಂಗನ್ನು ತೊರೆದ ಬಿಷಪ್ ಇನ್ನೊಂದು ಸಿಂಹಾಸನದ ಆಸರೆಯನ್ನು ಬಯಸಬೇಕಾಯಿತು. ಸಮಾನತೆಯನ್ನು ಬೇಡಿದ ಆತನ ಕರೆಯೂ ಒಂದು ಜಾತಿಯ ಎಲ್ಲೆಯನ್ನು ದಾಟಲಿಲ್ಲ. ಆತನನ್ನು ದೇಶಭಕ್ತನೆಂದಾಗಲಿ ದ್ರೋಹಿಯೆಂದಾಗಲಿ ಕರೆಯುವ ಮೊದಲು ಈ ಇಕ್ಕಟ್ಟನ್ನು ಅರಿಯುವುದು ಇತಿಹಾಸಕಾರನ ಕರ್ತವ್ಯವೆಂದು ನಾವು ಭಾವಿಸುತ್ತೇವೆ.